ನಮ್ಮ ದೊಡ್ಡಪ್ಪ ಕಳ್ಳನಲ್ಲ

ನಮ್ಮ ದೊಡ್ಡಪ್ಪ ಟೈಲರ್. ಆದರೆ ಬೀದಿಯಲ್ಲಿ ಟೈಲರ್ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ, ಮುಖ ಮುಖ ನೋಡಿಕೊಳ್ಳುತ್ತಾರೆ. ಕಳ್ಳನ ಅಂಗಡಿ ಎನ್ನಿ, ಬಾಗಿಲಿಗೇ ತಂದು ಬಿಡುತ್ತಾರೆ.

ಎಲ್ಲ ಆ ಹಾಳು ಧಾರಾವಾಹಿಯಿಂದ. ಟಿವಿ ಇನ್ನೂ ಕಪ್ಪು ಬಿಳುಪಾಗಿದ್ದ, ದೊಡ್ಡಪ್ಪನಿಗೆ ಇನ್ನೂ ಮದುವೆಯಾಗದಿದ್ದ ಕಾಲದ ಪೊಲೀಸ್ ಧಾರಾವಾಹಿ. ಅದಕ್ಕೆ ಖಾಕಿ ಬಟ್ಟೆ ಹೊಲಿದುಕೊಡಲು ಹೋಗಿದ್ದ ದೊಡ್ಡಪ್ಪನನ್ನು, ಬರಬೇಕಿದ್ದ ನಟ ಕೈಕೊಟ್ಟನೆಂದು, ಹಿಡಿದು ಕಳ್ಳನ ಪಾತ್ರಕ್ಕೆ ನಿಲ್ಲಿಸಿಬಿಟ್ಟರು. ಆ ಕಂತು ಬಂದ ದಿನ ಇಡೀ ಬೀದಿ ಟಿವಿ ಮುಂದಿತ್ತು. ದೊಡ್ಡಪ್ಪ ಓಡಿದರು, ಸಿಕ್ಕಿಬಿದ್ದರು, ಕೆನ್ನೆಗೆ ಏಟು ತಿಂದರು, ಜೀಪು ಹತ್ತಿದರು. ಅಷ್ಟಕ್ಕೆ ಕರೆಂಟು ಹೋಯಿತು. ಮಾರನೆಯ ಬೆಳಿಗ್ಗೆ ಪಕ್ಕದ ಸಲೂನಿನವ, ಏನಪ್ಪಾ ಕಳ್ಳ, ಬಿಟ್ಟರಾ ಎಂದ. ಹೆಸರು ಅಂಟಿಕೊಂಡಿತು.

ಕಂತಿನ ಕೊನೆಯಲ್ಲಿ ನಾನು ನಿರಪರಾಧಿ ಕಣ್ರೋ ಎಂದು ಹೇಳಿ ಹೇಳಿ ದೊಡ್ಡಪ್ಪನ ಗಂಟಲು ಒಣಗಿತು. ಯಾರು ನಂಬಬೇಕು! ಅಳತೆ ತೆಗೆಯುವಾಗ ಗಿರಾಕಿಗಳು ನಗುತ್ತ ಜೇಬು ಮುಟ್ಟಿ ನೋಡಿಕೊಂಡರೆ ದೊಡ್ಡಪ್ಪನ ಮುಖ ಸಣ್ಣಗಾಗುತ್ತಿತ್ತು. ಪಾಪ, ನೋಡಿದರೆ ಅಯ್ಯೋ ಎನಿಸುತ್ತಿತ್ತು ನನಗೆ. ದೊಡ್ಡಮ್ಮ ಮಾತ್ರ ಆ ಹೆಸರನ್ನು ಒಂದು ದಿನವೂ ಆಡಿದವರಲ್ಲ, ಆಡಿದವರನ್ನು ಸುಮ್ಮನೆ ಬಿಟ್ಟವರೂ ಅಲ್ಲ.

ಮೊನ್ನೆ ಆ ಕಂತು ಮೊಬೈಲಿನಲ್ಲಿ ನನ್ನ ಕಣ್ಣಿಗೆ ಬಿತ್ತು. ಭಾನುವಾರ ಮಧ್ಯಾಹ್ನ ದೊಡ್ಡಪ್ಪನ ಮನೆ ಟಿವಿಗೆ ಹಾಕಿದೆ. ದೊಡ್ಡಪ್ಪ ಇಸ್ತ್ರಿ ಶರ್ಟು ತೊಟ್ಟು, ಸಲೂನಿನವನನ್ನು ಎಳೆದು ತಂದು, ಎಲ್ಲರಿಗಿಂತ ಮುಂದೆ ಕೂರಿಸಿದರು.

ಜೀಪು ಠಾಣೆಗೆ ಬಂತು. ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಕಾಗದದ ಕಟ್ಟು, ಹಾರದಂತೆ ಅದರ ಮೇಲೊಂದು ಗಾಜಿನ ಉಂಡೆ. ಅವನು ಒಂದು ಕಾಗದ ಓದಿ ಹೇಳಿದ: "ಇವನು ಕಳ್ಳನಲ್ಲ. ಬಿಟ್ಟುಬಿಡಿ."

ದೊಡ್ಡಪ್ಪನ ಕಣ್ಣಲ್ಲಿ ನೀರು. ಸಲೂನಿನವ ಎದ್ದು, ತಪ್ಪಾಯಿತು ಟೈಲರೇ ಎಂದು ಕೈ ಮುಗಿದ.

ಅಲ್ಲಿಗೇ ಆಫ್ ಮಾಡಬಾರದಿತ್ತೇ ನಾನು? ಮುಂದಿನ ದೃಶ್ಯದಲ್ಲಿ ದೊಡ್ಡಪ್ಪ ಠಾಣೆಯಿಂದ ಹೊರಬಿದ್ದರು, ಹಿಂದೆಯೇ ಮೇಜಿನ ಕಾಗದಗಳೆಲ್ಲ ಫ್ಯಾನ್ ಗಾಳಿಗೆ ಎದ್ದವು. ಇನ್‌ಸ್ಪೆಕ್ಟರ್ ಎರಡೂ ಕೈಯಿಂದ ಅವನ್ನು ಅದುಮಿ ಹಿಡಿದು, ನ್ಯಾಯದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದ. ಗಾಜಿನ ಉಂಡೆ ಇರಲಿಲ್ಲ.

ದೊಡ್ಡಮ್ಮ, ಸ್ವಲ್ಪ ಹಿಂದಕ್ಕೆ ಹಾಕು ಎಂದರು. ಹಾಕಿದೆ. ಉಂಡೆಯೊಳಗೆ ಬಾಲ ಎತ್ತಿದ ಮೀನು. ದೊಡ್ಡಮ್ಮ ಒಳಗೆ ಹೋದರು. ಮದುವೆಗೆ ಮುಂಚೆ ದೊಡ್ಡಪ್ಪ, ನಿನಗೋಸ್ಕರ ಪೇಟೆಯೆಲ್ಲ ಅಲೆದು ತಂದೆ ಎಂದು ಕೊಟ್ಟ ಮೊದಲ ಉಡುಗೊರೆಯನ್ನು ಬೀರುವಿನಿಂದ ತೆಗೆದು ತಂದು ಟಿವಿ ಪಕ್ಕ ಹಿಡಿದರು. ಅದೇ ಉಂಡೆ, ಅದೇ ಬಾಲ.

"ಅದು ಬೂದಿ ಬಣ್ಣದ ಮೀನು," ಎಂದರು ದೊಡ್ಡಪ್ಪ. "ನಮ್ದು ಕೆಂಪು."

"ಅದ್ರಲ್ಲಿ ನೀವೂ ಬೂದಿ ಬಣ್ಣಾನೇ," ಎಂದರು ದೊಡ್ಡಮ್ಮ.

ಸಲೂನಿನವ ಮುಗಿದ ಕೈ ಕೆಳಗಿಳಿಸಿದ. ದೊಡ್ಡಪ್ಪ ತಲೆ ತಗ್ಗಿಸಿದರು. ಆಗ ಕೈಯಲ್ಲಿ ಬಿಡಿಗಾಸಿರಲಿಲ್ಲ, ಬರಿಗೈಲಿ ನಿನ್ನ ಮುಂದೆ ಬಂದು ನಿಲ್ಲೋಕೆ ಮನಸ್ಸಾಗಲಿಲ್ಲ ಎಂದು ನೆಲಕ್ಕೆ ಹೇಳಿದರು.

ಈಗ ಶುರುವಾಯಿತು ಮಂಗಳಾರತಿ ಎಂದು ನಾನು ಟಿವಿ ಆರಿಸಿದೆ. ದೊಡ್ಡಮ್ಮ ಉಂಡೆಯನ್ನು ಅಂಗೈಯಲ್ಲಿ ಒರೆಸಿದರು, ಗಂಡನನ್ನು ನೋಡಿದರು. ನೀವು, ತಾವು ಬಿಟ್ಟು ಎಂದೂ ಮಾತಾಡದ ಹೆಂಗಸು, ನಗು ತಡೆಯಲಾರದೆ, ಮೆಲ್ಲಗೆ ಅಂದರು:

"ಕಳ್ಳ."

"ಏನೇ?" ಎಂದರು ದೊಡ್ಡಪ್ಪ. ಅಷ್ಟು ವರ್ಷಗಳಲ್ಲಿ ಅವರು ಆ ಹೆಸರಿಗೆ ಓಗೊಟ್ಟದ್ದು ಅದೇ ಮೊದಲು.