ಬೀಗರ ಎದುರು ಸಾಲು

ಪಿರಿಯಾಪಟ್ಟಣದಿಂದ ಹೊರಟ ಬಸ್ಸಿನಲ್ಲಿ ಕೂತವರು ಇನ್ನು ಊರು ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ನಮ್ಮ ಕೋಡಿಕಟ್ಟೆ ವಾರ್ಡು ಶುರುವಾಗುತ್ತದೆ. ಪಟ್ಟಣದವರಿಗೆ ನಾವು ಹಳ್ಳಿಯವರು, ಹಳ್ಳಿಯವರಿಗೆ ಪಟ್ಟಣದವರು. ಕಂದಾಯ ಮಾತ್ರ ಪಟ್ಟಣದ್ದು, ಚರಂಡಿ ಹಳ್ಳಿಯದು. ಬೆಳಗಾದರೆ ಗಂಡಸರಲ್ಲಿ ಅರ್ಧ ಜನ ಕೊಡಗಿನ ತೋಟಗಳ ಜೀಪು ಹತ್ತುತ್ತಾರೆ, ಉಳಿದವರು ಹೊಗೆಸೊಪ್ಪಿನ ಹರಾಜಿನಲ್ಲಿ ಬೇಲು ಹೊರಲು ಹೋಗುತ್ತಾರೆ. ಹೆಂಗಸರು ಶುಂಠಿ ಹೊಲಕ್ಕೆ. ನಾನು ಬಸ್‌ಸ್ಟಾಪಿನ ಎದುರು ಇಡ್ಲಿ ಅಂಗಡಿ ಇಟ್ಟುಕೊಂಡಿದ್ದೇನೆ. ಹೆಸರು ಸುಕನ್ಯ. ಬಾಯಿ ಜೋರು ಅನ್ನುತ್ತಾರೆ, ಅನ್ನಲಿ.

ನಮ್ಮ ಮೆಂಬರು ಮಹೇಶ್ಕುಮಾರ್ ಹೊರಗಿನವನೇನಲ್ಲ. ನಮ್ಮವನೇ, ನಮ್ಮ ಬೀದಿಯಲ್ಲೇ ಜಾರುವ ಚಡ್ಡಿ ಹಿಡಿದುಕೊಂಡು ಓಡಾಡಿದವನು. ಗೆದ್ದ ಮೇಲೆ ಬೀದಿಯ ಕೊನೆಗೆ ಮಹಡಿ ಮನೆ ಕಟ್ಟಿಸಿದ, ಮನೆಯ ಹಿಂದೆ ಲೇಔಟು ಮಾಡಿದ. ಲೇಔಟಿನಾಚೆಗೆ ನಮ್ಮವರನ್ನು ಹೂಳುವ ಸ್ಮಶಾನ. ಹರಾಜಿನಲ್ಲಿ ಬೇಲು ಹೊತ್ತು ಹೊತ್ತು ಬೆನ್ನು ಬಾಗಿದ್ದ ಚಿಕ್ಕಮಾದಯ್ಯನನ್ನು ಅಲ್ಲಿ ಮಣ್ಣು ಮಾಡಿ ಬಂದ ಕೆಲವೇ ದಿನಕ್ಕೆ ಆ ದಾರಿಗೆ ಕಬ್ಬಿಣದ ಗೇಟು ಬಂತು, ಗೇಟಿಗೆ ಸರಪಳಿ ಬಂತು. ಇನ್ನು ಮೇಲೆ ಸತ್ತವರನ್ನು ಕೆರೆಯ ಆಚೆ ದಡಕ್ಕೆ ಒಯ್ಯಿರಿ ಎಂದ.

ಪಿತೃಪಕ್ಷದ ಅಮಾವಾಸ್ಯೆಗೆ ಚಿಕ್ಕಮಾದಯ್ಯನ ಹೆಂಡತಿ ಮರಮ್ಮ ಗಂಡನಿಗೆ ಎಡೆ ಇಡಲು ಹೋದಳು. ನಾನೂ ಜೊತೆಗಿದ್ದೆ. ಗೇಟು ತೆಗೆಯಲಿಲ್ಲ. ಪಾಪದ ಹೆಂಗಸು, ಗೇಟಿನ ಹೊರಗೇ ಎಲೆ ಹಾಸಿ, ಅನ್ನ, ಬಾಡು, ಅವನಿಗೆ ಇಷ್ಟವಾದ ಕಡಲೆಬೀಜದ ಉಂಡೆ ಇಟ್ಟಳು. ಅಷ್ಟರಲ್ಲಿ ಸೈಟು ನೋಡಲು ಕಾರಿನಲ್ಲಿ ಗಿರಾಕಿಗಳು ಬಂದರು. ಅವರು ಹೆದರಿಕೊಂಡಾರು ಎಂದು ಮಹೇಶ್ಕುಮಾರ್ ಓಡಿ ಬಂದು ಎಲೆಯನ್ನು ಕಾಲಿನಿಂದ ಚರಂಡಿಗೆ ತಳ್ಳಿದ. ಮರಮ್ಮ ಖಾಲಿ ಮೊರ ಎತ್ತಿಕೊಂಡು ಮನೆಯ ಕಡೆ ತಿರುಗಿದಳು. ನನಗೆ ಮಾತ್ರ ಅವತ್ತು ಹತ್ತಿದ ಉರಿ ಇವತ್ತಿಗೂ ಆರಿಲ್ಲ.

"ಅರ್ಜಿ ಕೊಡನ ನಡಿ ದೊಡ್ಡವ್ವ" ಎಂದೆ.

"ಅರ್ಜಿ ಓಗದೂ ಅವನ್ ಕೈಗೇ ಅಲ್ವ, ಬುಡು" ಎಂದಳು. "ಅವನು ನಮ್ ಬಾಗ್ಲಿಗ್ ಬರೋ ದಿನ ಬತ್ತದೆ. ಅವತ್ ನೋಡ್ಕತೀನಿ."

ಆ ದಿನ ಬೇಗನೇ ಬಂತು. ಮಹೇಶ್ಕುಮಾರನ ಮಗನಿಗೆ ಚುಂಚನಕಟ್ಟೆಯ ಕಡೆಯಿಂದ ಹೆಣ್ಣು ತಂದರು. ನೀರಾವರಿ ಗದ್ದೆಯ ಕುಳ, ಮಾತಿಗೆ ತೂಕವಿರುವ ಮನೆತನ. ಮದುವೆ ಮೈಸೂರಿನ ಛತ್ರದಲ್ಲಿ ಆಯಿತು, ಬೀದಿಯವರನ್ನು ಯಾರೂ ಕೇಳಲಿಲ್ಲ. ಬೀಗರ ಊಟ ಮಾತ್ರ ಅವನ ಮನೆಯ ಅಂಗಳದಲ್ಲಿ. ಅದಕ್ಕೆ ನಾವಿಲ್ಲದೆ ಆಗುವುದಿಲ್ಲ. ನಮ್ಮಲ್ಲಿ ಬೀಗರ ಊಟದ ಮೊದಲ ಪಂಕ್ತಿಗೆ ಬೀಗರ ಎದುರು ಸಾಲಿನಲ್ಲಿ ಬೀದಿಯವರು ಕೂರಬೇಕು. ಎದುರು ಸಾಲು ಖಾಲಿಯಿದ್ದರೆ ಬೀಗರು ಮುದ್ದೆ ಮುರಿಯುವುದಿಲ್ಲ. ಬೀದಿಯೇ ಬಿಟ್ಟ ಮನೆಗೆ ಹೆಣ್ಣು ಕೊಟ್ಟೆವಲ್ಲ ಎಂದು ಎದ್ದು ಹೋಗುತ್ತಾರೆ.

ಗಂಡ ಹೆಂಡತಿ ಇಬ್ಬರೂ ಎಲೆ ಅಡಿಕೆ ಹಿಡಿದು ಮನೆಮನೆಗೆ ಬಂದರು. ಮರಮ್ಮನ ಕಾಲಿಗೂ ಬಿದ್ದರು. ಮರಮ್ಮ ಎಲೆ ಅಡಿಕೆ ತೆಗೆದುಕೊಂಡು "ಬತ್ತೀವಿ ಕಣಪ್ಪ" ಎಂದು ನಕ್ಕಳು. ಬೀದಿಯವರೆಲ್ಲ ಹಾಗೇ ಅಂದರು. ಆದರೆ ಅದಕ್ಕೂ ಮುಂಚೆ ಅವಳು ಮನೆಮನೆಗೆ ಹೋಗಿ ಚರಂಡಿಗೆ ಬಿದ್ದ ಎಡೆಯ ವಿಷಯ ಹೇಳಿ ಬಂದಿದ್ದಳು. ಎಲ್ಲರ ಮನೆಯವರೂ ಆ ಗೇಟಿನೊಳಗೆ ಮಲಗಿದ್ದರು. ಚಿಕ್ಕಮಾದಯ್ಯನ ವರ್ಷದ ಎಡೆಯನ್ನೂ ಮರಮ್ಮ ಅದೇ ಭಾನುವಾರಕ್ಕೆ ಇಟ್ಟುಕೊಂಡಳು.

ಭಾನುವಾರ ಬಾಡಿನ ಸಾರಿನ ಘಮ ಬೀದಿಯನ್ನೆಲ್ಲ ಅಲೆಯಿತು. ನಾವು ಬಾಗಿಲು ಹಾಕಿಕೊಂಡು ಸೊಪ್ಪಿನ ಸಾರು ಉಂಡೆವು. ಸುಳ್ಳು ಯಾಕೆ ಹೇಳಲಿ, ನನ್ನ ಜನ್ಮದಲ್ಲಿ ಸೊಪ್ಪಿನ ಸಾರು ಅಷ್ಟು ರುಚಿ ಹತ್ತಿದ್ದು ಅವತ್ತೇ.

ಬೀಗರು ಕೂತು, ಎಲೆ ಹಾಕಿ, ಮುದ್ದೆ ತಣ್ಣಗಾಗುತ್ತಾ ಬಂದಾಗ ಮಹೇಶ್ಕುಮಾರ್ ರೇಷ್ಮೆ ಪಂಚೆ ಎತ್ತಿಕಟ್ಟಿ ಮರಮ್ಮನ ಬಾಗಿಲಿಗೆ ಓಡಿ ಬಂದ. ಕಿಟಕಿಯಿಂದ ಇಣುಕುತ್ತಿದ್ದ ಬೀದಿಯೆಲ್ಲ ಹೊರಗೆ ಬಂತು.

"ದೊಡ್ಡವ್ವ, ಮಾನ ಕಳೀಬ್ಯಾಡ. ಬೀಗ್ರು ಕಾಯ್ತಾವ್ರೆ. ನೀ ಎದ್ರೆ ಎಲ್ರೂ ಏಳ್ತಾರೆ."

ಮರಮ್ಮ ಎಡೆಯ ಮೊರ ಮುಂದಿಟ್ಟುಕೊಂಡು ಕೂತಿದ್ದಳು. "ಇವತ್ ನಿಮ್ ದೊಡ್ಡಪ್ಪನ್ ವರ್ಸದೆಡೆ. ಗೇಟ್ ತೆಗಿ. ಎಡೆ ಇಟ್ಬುಟ್ ಬಂದು ಕೂತ್ಕತೀವಿ."

"ನಾಳೆ ತೆಗಿಸ್ತೀನಿ, ನಮ್ಮಪ್ಪನಾಣೆ. ಈಗ ಊಟಕ್ ಬಾ."

ಮಹೇಶ್ಕುಮಾರನ ಮುಖ ನೋಡಿದೆ. ಬರೀ ಹಟವಲ್ಲ, ಅದರಲ್ಲಿ ಹೆದರಿಕೆ ಇತ್ತು. ಗೇಟು ತೆಗೆಯಲು ಇವನಿಗೆ ಯಾಕಿಷ್ಟು ನಡುಕ ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಹಿರಿಯ ಬೀಗ ಬಸವರಾಜು ಬಂದರು. ಎದುರು ಸಾಲು ಯಾಕೆ ಖಾಲಿ ಎಂದು ನೋಡಲು ತಾವೇ ಎದ್ದು ಬಂದಿದ್ದರು. ಮರಮ್ಮನ ಬಾಯಿಂದಲೇ ಎಲ್ಲ ಕೇಳಿದರು.

"ಎಡೆ ಇಡಕ್ ಬಂದೋರ್ಗೆ ಯಾರಾದ್ರೂ ಸರಪಳಿ ಆಕ್ತಾರ, ಬೀಗ್ರೆ?" ಎಂದರು. "ತೆಗೀರಿ. ನಾನೂ ಬತ್ತೀನಿ, ಕೈ ಮುಗ್ದು ಬರನ."

ಇನ್ನು ಅವನಿಗೆ ದಾರಿಯಿರಲಿಲ್ಲ. ಗೇಟು ತೆರೆಯಿತು. ಬೀದಿಗೆ ಬೀದಿಯೇ ಒಳಗೆ ನುಗ್ಗಿತು.

ಒಳಗೆ ಏನೂ ಇರಲಿಲ್ಲ. ಗುಡ್ಡೆಗಳಿಲ್ಲ, ತಲೆಯ ಕಡೆ ನೆಟ್ಟ ಕಲ್ಲುಗಳಿಲ್ಲ. ಆಳೆತ್ತರ ಮಣ್ಣು ಬಗೆದು, ನೆಲವನ್ನು ಅಂಗೈಯಂತೆ ಸಮ ಮಾಡಿ ಸೈಟಿನ ಕಲ್ಲು ನೆಟ್ಟಿದ್ದರು. ಮೂಲೆಯಲ್ಲಿ ಒಂದೇ ಒಂದು ಸಮಾಧಿ ಉಳಿದಿತ್ತು. ಟೈಲ್ಸ್ ಹಾಕಿದ್ದು, ಮಹೇಶ್ಕುಮಾರನ ಅಪ್ಪ ಕರಿಯಯ್ಯನದು. ಅದರ ಮೇಲೆ ಹೊಸ ಹೂವಿನ ಹಾರವಿತ್ತು. ಥೂ, ಇವನ ಜನ್ಮಕ್ಕಿಷ್ಟು.

ಮರಮ್ಮ ಮೊರ ಹಿಡಿದುಕೊಂಡು ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹೋಗಿ ಬಂದಳು. "ಎಲ್ಲವ್ರೆ ತೋರ್ಸಪ್ಪ" ಎಂದಳು. ಅವನು ನೆಲ ನೋಡಿದ.

"ಇಲ್ಲಿನ್ ಮಣ್ಣೆಲ್ಲ ಎಲ್ಲಿಗ್ ಸಾಗಿಸ್ದ್ರಿ?" ಬಸವರಾಜು ಕೇಳಿದರು. ಟ್ರ್ಯಾಕ್ಟರಿನ ಗಾಲಿಯ ಗುರುತು ಒಣಗಿ ಅಲ್ಲೇ ಇತ್ತು. ಅದು ಲೇಔಟು ಹಾದು ನೆಟ್ಟಗೆ ಅವನ ಮನೆಗೆ ಹೋಗಿತ್ತು. ಮದುವೆಗೆಂದು ಹಳ್ಳ ತುಂಬಿಸಿ ಎತ್ತರಿಸಿದ್ದ ಹೊಸ ಅಂಗಳಕ್ಕೆ, ಶಾಮಿಯಾನದ ಅಡಿಗೆ.

ಎಲ್ಲರೂ ಆ ಗುರುತಿನ ಹಿಂದೆ ನಡೆದೆವು. ನಮ್ಮ ಬೀದಿಯ ದೊಡ್ಡತಾಯಮ್ಮ ಊಟದ ಟೇಬಲ್ಲಿನ ಕೆಳಗೆ ಬಗ್ಗಿ ಕೆಂಪು ಮಣ್ಣನ್ನು ಬೆರಳಿನಿಂದ ಕೆದಕಿದಳು. ಅವಳ ಗಂಡ ಹೋಗಿ ಬಹಳ ವರ್ಷವಾಗಿತ್ತು. ಗಂಡನನ್ನು ಮಣ್ಣು ಮಾಡಿದ ಜಾಗದಲ್ಲೇ ಹೆಂಡತಿಯ ಬಳೆ ಒಡೆದು ಬರುವುದು ನಮ್ಮವರ ಪದ್ಧತಿ. ಅವಳ ಅಂಗೈಗೆ ಹಸಿರು ಬಳೆಯ ಚೂರುಗಳು ಬಂದವು. ಇನ್ನೊಬ್ಬಳು ಕೆದಕಿದಳು, ಅಲ್ಲೂ ಬಂದವು. ಎಷ್ಟು ಮನೆಯ ಬಳೆಗಳೋ, ಯಾರ ಯಾರ ಗಂಡಂದಿರೋ.

ಬೀಗರ ಸಾಲಿನ ಹೆಂಗಸರು ಕಾಲು ಮೇಲೆತ್ತಿಕೊಂಡರು. ಮರಮ್ಮ ಯಾರ ಮುಖವನ್ನೂ ನೋಡದೆ ಖಾಲಿ ಸಾಲಿಗೆ ಹೋಗಿ, ಬಸವರಾಜು ಅವರ ಎಲೆಯ ನೇರಕ್ಕೆ ಕೆಳಗೆ ಮಣ್ಣಿನ ಮೇಲೇ ಗಂಡನ ಎಲೆ ಹಾಸಿದಳು. ಊದುಬತ್ತಿ ಹಚ್ಚಿದಳು.

ಮಹೇಶ್ಕುಮಾರ್ ಕೈ ಮುಗಿದ. "ದೊಡ್ಡವ್ವ, ಇಲ್ ಬ್ಯಾಡ. ನಿನ್ ದಮ್ಮಯ್ಯ ಅಂತೀನಿ. ದೊಡ್ಡಪ್ಪನ್ನ ಎಬ್ಬುಸ್ಕೊಂಡ್ ಓಗು."

"ನಾನ್ಯಾಕ್ ಎಬ್ಬುಸ್ಲಿ? ನೆಮ್ಮದಿಯಾಗ್ ಮಲಗಿದ್ದೋರ್ನ ಎಬ್ಸಿ ನಿನ್ ಮನೆಗ್ ಕರ್ಕೊಂಡ್ ಬಂದಿರೋನು ನೀನು" ಎಂದಳು ಮರಮ್ಮ. ದನಿ ಏರಲಿಲ್ಲ. "ಉಣ್ಣಕ್ ಕೂತವ್ರೆ. ಬಡಿಸು."

ಅವನು ಸುತ್ತ ನೋಡಿದ. ಇಡೀ ವಾರ್ಡು ನಿಂತಿತ್ತು, ಒಬ್ಬರೂ ಅವನ ನೆರವಿಗೆ ಬರಲಿಲ್ಲ. ನನಗೆ ಒಂದು ಚೂರೂ ಮರುಕ ಬರಲಿಲ್ಲ, ಬರಬಾರದೆಂದೇ ಕಣ್ಣು ಬಿಟ್ಟುಕೊಂಡು ನೋಡಿದೆ. ಕೊನೆಗೆ ಅವನು ಬುಟ್ಟಿಯಿಂದ ಮುದ್ದೆ ತೆಗೆದ. ಚಿಕ್ಕಮಾದಯ್ಯನ ಎಲೆಯ ಮುಂದೆ ಮಂಡಿಯೂರಿ, ಮುದ್ದೆ ಇಟ್ಟು, ಸಾರು ಬಿಟ್ಟು ತಲೆ ಎತ್ತುವಷ್ಟರಲ್ಲಿ ಬೀಗರ ಸಾಲಿನಲ್ಲಿ ಬರೀ ಎಲೆಗಳಿದ್ದವು.