ಚಾವಣಿಯೊಳಗಿನ ಗಡಿಗೆಗಳು

“ಹೋಮಾ ಆದ ಜಾಗದಾಗ ಕಾಲಿಟ್ಟೀಯಲ್ಲಬೇ ರಂಡಿ, ಇಳಿ ಕೆಳಗ!”

ಧಣಿ ಪ್ರಭುರಾಜ ಒದರಿದ್ದಕ್ಕೆ ಯಮನೂರಮ್ಮ ಹಸೆಕಟ್ಟೆಯಿಂದ ಇಳಿದಳು. ಕುಷ್ಟಗಿ ರಸ್ತೆಯ ಆ ಕಟ್ಟಡಕ್ಕೆ ನೆಟ್ಟಗಿನ ಗೋಡೆ ಒಂದೂ ಇಲ್ಲ. ಒಡೆದ ಶೇಂಗಾಕಾಯಿಯ ಸಿಪ್ಪೆಯ ಹಾಗೆ ಬಾಗಿಕೊಂಡಿದೆ. ಮೂವತ್ತು ವರ್ಷದ ಹಿಂದೆ ಬೀಜದ ಕಂಪನಿಯೊಂದು ಕಟ್ಟಿಸಿ, ನಾಲ್ಕೇ ವರ್ಷಕ್ಕೆ ಬೀಗ ಜಡಿದು ಹೋಗಿತ್ತು. ಈಗ ಪ್ರಭುರಾಜ ಅದನ್ನು ಕಲ್ಯಾಣ ಮಂಟಪ ಮಾಡಿದ್ದಾನೆ. ಹಳೆಯ ಗೋದಾಮಿನ ಕಲ್ಲು ಊಟದ ಮನೆಯ ಹಾಸಾಯಿತು, ಸಾಗವಾನಿ ಬಾಗಿಲು ಹಸೆಕಟ್ಟೆಯ ಕಂಬವಾಯಿತು. ಕಿತ್ತವರು, ಹೊತ್ತವರು, ಉಜ್ಜಿದವರು ಎಲ್ಲ ಯಮನೂರಮ್ಮನ ಕೇರಿಯವರೇ.

ಕೂಲಿಯಲ್ಲದೆ ಅವಳು ಕೇಳಿದ್ದು ಒಂದೇ, ಮಗಳು ರಂಜಿತಾಳ ಲಗ್ನ ಇಲ್ಲಾಗಬೇಕು. ಪ್ರಭುರಾಜ ಹೂಂ ಅಂದಿದ್ದ. ಆ ಮಾತು ನಂಬಿ ಅಳವಂಡಿಯ ಬೀಗರಿಗೂ ಹೇಳಿ ಬಂದಿದ್ದಳು.

“ಧಣಿ, ಮಾತು ಕೊಟ್ಟಿದ್ರಿ.”

“ನಿಮ್ಮ ಮಂದಿ ಇಲ್ಲಿ ಲಗ್ನಾ ಮಾಡಿದ್ರ ನಾಳಿಗೆ ಗೌಡ್ರು, ಶೆಟ್ರು ಯಾರ್ ಬರ್ತಾರಬೇ? ಹಿಂದ ಗಾಡಿ ನಿಲ್ಸೋ ಜಾಗ ಐತಿ. ಅಲ್ಲಿ ಮಾಡ್ಕೋ.”

ಹೋಮ ಮಾಡಿಸಿದ ಉಮಾಪತಿ ಶಾಸ್ತ್ರಿ ಅವಳು ನಿಂತಿದ್ದ ಕಡೆ ನೀರು ಚಿಮುಕಿಸಿದ. ಅವಳು ಬಾಗಿಲ ಬಳಿ ನಿಂತಿದ್ದ ತನ್ನ ಕೇರಿಯವರ ಕಡೆ ತಿರುಗಿದಳು. ಅವರಲ್ಲೊಬ್ಬ ದುರಗಪ್ಪ ಕೈಯಲ್ಲಿನ ಸುತ್ತಿಗೆ ನೋಡುತ್ತ, “ನಡೀಬೇ, ನಾಳಿನ ಕೂಲಿ ಹೋಗ್ತೈತಿ,” ಅಂದ. ಅಷ್ಟು ಜನ ಇದ್ದೂ ತನಗೆ ಯಾರೂ ಇಲ್ಲ ಅನಿಸಿ ಅವಳು ಚಾವಣಿಯತ್ತ ನೋಡಿದಳು.

ಕಂಪನಿ ಕಟ್ಟಿಸುವಾಗ ಚಾವಣಿ ಹಗುರಾಗಲೆಂದು ಕಾಂಕ್ರೀಟಿನೊಳಗೆ ಮಣ್ಣಿನ ಗಡಿಗೆ ಬೋರಲು ಹಾಕಿ ಹುದುಗಿಸಿದ್ದರು. ಕುಂಬಾರನ ಗಡಿಗೆ ಸಾಲಲಿಲ್ಲ, ಕೆಲಸ ನಡುವೆ ನಿಲ್ಲಿಸುವಂತಿರಲಿಲ್ಲ. ಮೇಸ್ತ್ರಿ ಚೀರಾಡಿದಾಗ ಹನ್ನೊಂದು ಹೆಂಗಸರು ಕೇರಿಗೆ ಓಡಿ, ಒಲೆ ಮೇಲಿನ ಗಡಿಗೆಗಳನ್ನೇ ಹೊತ್ತು ತಂದಿದ್ದರು. ಅವರಲ್ಲಿ ಈಗ ಬದುಕಿ ಉಳಿದವಳು ಯಮನೂರಮ್ಮ ಒಬ್ಬಳೇ.

“ಶಾಸ್ತ್ರಿಗಳ, ನಿಮ್ಮ ನೆತ್ತಿ ಮ್ಯಾಲ ನಮ್ಮವ್ವನ ಬಾಡಿನ ಗಡಿಗಿ ಐತ್ರಿ. ನಿಮ್ಮ ಹೋಮದ ಹೊಗಿ ಅದಕ್ಕ ಮುಟ್ಟೈತಿ.”

“ಸುಳ್ಳ ಬೊಗಳಬ್ಯಾಡ!” ಪ್ರಭುರಾಜ ದುರಗಪ್ಪನನ್ನು ಏಣಿ ಹತ್ತಿಸಿ ಅಲ್ಲೇ ಚಾವಣಿಗೆ ಸುತ್ತಿಗೆಯಿಂದ ಹೊಡೆಸಿದ. ಗಾರೆ ಉದುರಿತು. ಹಿಂದೆಯೇ ಒಡೆದ ಗಡಿಗೆಯ ಮಸಿ ಹಿಡಿದ ಬೋಕಿಯೊಂದು ಹೋಮಕುಂಡದ ಪಕ್ಕ ಬಿತ್ತು. ಶಾಸ್ತ್ರಿ ಪಂಚೆ ಎತ್ತಿಕೊಂಡು ಹೊರಗೆ ಓಡಿದ.

ಪ್ರಭುರಾಜನ ದನಿ ಇಳಿಯಿತು. “ಉಳಿದವು ಎಲ್ಲೆಲ್ಲಿ ಅದಾವು ತೋರಿಸಬೇ. ಕಿತ್ತು ಹಾಕಸ್ತೀನಿ. ನಿನ್ನ ಮಗಳ ಲಗ್ನಾ ಇಲ್ಲೇ ಮಾಡ್ಕೊ, ಆಣಿ.”

ಬೇಡಿದ್ದು ಕೈಗೇ ಬಂದಿತ್ತು. ರಂಜಿತಾಳ ಮುಖ ನೆನೆದು ಅವಳಿಗೆ ಅಳು ಬಂತು. ಸೆರಗಿನಿಂದ ಮೂಗೊರೆಸಿಕೊಂಡು ಹಸೆಕಟ್ಟೆ ಹತ್ತಿ, ಬೋಕಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು.

“ಹುಡುಕ್ಕೊಳ್ರಿ ಧಣಿ. ನಮ್ಮವ್ವಂದಿರ ಗಡಿಗಿ ಒಡಸಾಕ ನಾ ತೋರ್ಸಂಗಿಲ್ಲ.”

“ಬಡಿಯೋ ಮಗನ! ಅಕೀ ತಲಿ ಮ್ಯಾಲ ಬಿದ್ರ ಬೀಳ್ಲಿ!”

ಏಣಿ ಮೇಲಿದ್ದ ದುರಗಪ್ಪ ಸುತ್ತಿಗೆ ಎತ್ತಿದ. ಅವಳು ಕತ್ತೆತ್ತಿ ನೋಡಿದಳು.

“ಬಡಿಯೋ ದುರಗ್ಯಾ. ನಿಮ್ಮವ್ವನ ಗಡಿಗೀನೂ ಅಲ್ಲೇ ಐತಿ.”

ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು. ಬಾಗಿಲಾಚೆ ಅವಳ ಕೇರಿಯವರೆಲ್ಲ ಇದ್ದರು. ಒಬ್ಬರೂ ಒಳಗೆ ಬರಲಿಲ್ಲ.