ಖಂಡೆಪೂಜೆಗೆ ಇಟ್ಟ ತೆಪ್ಪ

ಮಲಪ್ರಭೆ ನಮ್ಮ ಶೆಡ್ಡಿಗೆ ಸೊಂಟಮಟ್ಟ ನುಗ್ಗಿ ಸಾಮಾನೆಲ್ಲ ಹಾಳು ಮಾಡಿದ ವರ್ಷದಿಂದ ನನಗೆ ಹೊಳೆಯೆಂದರೆ ಹೆದರಿಕೆ. ಆ ಹೆದರಿಕೆಯೇ ನಮಗೆ ಹೊಸ ಕೆಲಸ ಕಲಿಸಿತು. ರಾಮದುರ್ಗದಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ ನಾನು ಮತ್ತು ನನ್ನ ಗಂಡ ನಿಂಗರಾಜ, ಹೊಳೆ ಏರಿದರೆ ತಾನೂ ಏರುವ ಪಂಪು ಮಾಡಿದೆವು. ಡ್ರಮ್ಮುಗಳ ತೆಪ್ಪ, ಅದರ ಮೇಲೆ ಮೋಟರು. ಈಗ ಜರ್ಮನಿಯಲ್ಲೂ ಹೊಳೆಗಳು ದಂಡೆ ದಾಟುತ್ತಿವೆಯಂತೆ. ಅಲ್ಲಿನ ಪಂಪ್ ಕಂಪನಿಯವರು ದಸರೆ ಮುಗಿದ ಮೇಲೆ ಇದನ್ನು ನೋಡಲು ಬರುವವರಿದ್ದರು. ಇದ್ದದ್ದು ಒಂದೇ ತೆಪ್ಪ. ಅದು ಹೋದರೆ ನಮ್ಮ ಪುಟ್ಟ ಕಂಪನಿಯೂ ಹೋದಂತೆ.

ತೊಟ್ಟಿಯಲ್ಲಿ ತೇಲಿತ್ತು. ಹೊಳೆಗಿಳಿಸಲು ಮಾತ್ರ ನನಗೆ ಧೈರ್ಯವಾಗಿರಲಿಲ್ಲ.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ ಮಧ್ಯಾಹ್ನ ಸವದತ್ತಿಗೆ ಹೋಗಿದ್ದ ನಿಂಗರಾಜನ ಫೋನು ಬಂತು.

"ಡ್ಯಾಮಿನ ನೀರ ಬಿಟ್ಟಾರ. ರಸ್ತಾ ಬಂದ್ ಆಗೈತಿ, ನಾ ಬರಾಕ ಆಗೂದಿಲ್ಲ. ಮೊದಲ ತೆಪ್ಪಾ ಎತ್ತಿಸು."

ಶೆಡ್ಡಿಗೆ ಓಡಿದೆ. ತೆಪ್ಪಕ್ಕೆ ಕುಂಕುಮ, ಚೆಂಡುಹೂವು. ಅದನ್ನು ಎತ್ತಬೇಕಾದ ಚೈನ್ ಪುಲ್ಲಿಯೂ ಪೂಜೆಯಲ್ಲೇ ಕುಳಿತಿತ್ತು, ಪಕ್ಕದಲ್ಲಿ ಮಾವ ಮಡಿವಾಳೆಪ್ಪನವರು.

"ಇವತ್ತ ಯಾವ ಸಾಮಾನೂ ಮುಟ್ಟೂಹಂಗಿಲ್ಲವಾ. ನಾಳೆ ಪೂಜಿ ಇಳಿಸಿದ ಮ್ಯಾಲ ಏನರ ಮಾಡ್ಕೋ."

"ನಾಳಿತನಾ ಹೊಳಿ ತಡೀತೈತೇನ್ರಿ, ಮಾವಾರ?" ಎಂದು ಸಿಟ್ಟಿನಿಂದಲೇ ಪುಲ್ಲಿಗೆ ಕೈ ಹಾಕಿದೆ.

"ಹೊಳ್ಯಾಗ ತೇಲತೈತಿ ಅಂತ ಜರ್ಮನಿಯವ್ರಿಗೆ ಹೇಳಿದಾಕಿ ನೀನ. ಹಂಗಾರ ಈಗ್ಯಾಕ ಎತ್ತಿಸ್ತಿ?"

ನನ್ನ ಮಾತಿನಿಂದಲೇ ನನ್ನ ಬಾಯಿ ಮುಚ್ಚಿಸಿದ್ದರು. ಎತ್ತಿದರೆ ನಾನು ಸುಳ್ಳುಗಾತಿ, ಬಿಟ್ಟರೆ ತೆಪ್ಪದ ಗತಿ ಏನೋ. ಬಿಸಿ ತುಪ್ಪವಾಯಿತು. ಮೊದಲಿಂದಲೂ ನನಗೆ ಹಠ ಜಾಸ್ತಿ. ತೆಪ್ಪವನ್ನು ಇದ್ದಲ್ಲೇ ಬಿಟ್ಟು ಶಟರ್ ಎಳೆದು ಬೀಗ ಹಾಕಿದೆ.

ನಮ್ಮ ಮನೆ ಶೆಡ್ಡಿನ ಹಿಂದೆ, ಎತ್ತರದ ಕಟ್ಟೆಯ ಮೇಲಿದೆ. ಹಿಂದಿನ ಸಲ ಹೊಸ್ತಿಲಿಗೂ ನೀರು ಬಂದಿರಲಿಲ್ಲ. ಆ ನಂಬಿಕೆಯಿಂದಲೇ ಊರು ಬಿಡುತ್ತಿದ್ದವರ ಜೊತೆ ಹೊರಡದೆ, ಸಂಜೆ ಮಾವನವರ ಕೈ ಹಿಡಿದು ಮಾಳಿಗೆ ಹತ್ತಿಸಿದೆ. ಕರೆಂಟು ಹೋಯಿತು. ಹೊಳೆಯ ಸದ್ದು ಹತ್ತಿರವಾಗುತ್ತ ಬಂತು. ಶೆಡ್ಡಿನ ಕಡೆ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಬೆನ್ನು ಹಾಕಿ ಕುಳಿತೆವು. ಮಾವನವರು ಶಿವಶಿವಾ ಎನ್ನುತ್ತಿದ್ದರು. ನಾನು ತೆಪ್ಪದ ಬೆಸುಗೆಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದೆ.

ಆಗ ಬೆನ್ನ ಹಿಂದೆ ಸದ್ದು ಕೇಳಿತು. ಢಣ್. ಸ್ವಲ್ಪ ಬಿಟ್ಟು ಮತ್ತೆ ಢಣ್.

ಮಾವನವರ ಮುಖ ಅರಳಿತು. "ಡ್ರಮ್ಮಿನ ಸಪ್ಪಳ ಅದು. ತೇಲೈತಿ ನೋಡವಾ. ನಿನ್ನ ಮಾತ ಖರೇ ಆತು."

ಒಂದು ಕ್ಷಣ ನನಗೂ ಕುಣಿಯಬೇಕೆನಿಸಿತು. ಮರುಕ್ಷಣ ಮತ್ತೆ ಕಿವಿಗೊಟ್ಟೆ.

"ಮಾವಾರ, ಅದು ಮ್ಯಾಲಿನ ತಗಡಿಗೆ ಬಡಿಯಾಕತ್ತೈತಿ."

"ಬಡೀಲಿ ಬಿಡ. ಗಟ್ಟಿ ಮಾಡೀರಿ."

"ಶೆಡ್ಡಿನ ತಗಡು ನಮ್ಮ ಮನಿ ಬಾಗಲಕ್ಕಿಂತ ಎತ್ತರ ಐತ್ರಿ."

ಮಾವನವರು ನನ್ನ ಮುಖ ನೋಡಿದರು. ಕೆಳಗೆ, ನಮ್ಮ ಅಡುಗೆಮನೆಯಲ್ಲಿ, ಪಾತ್ರೆಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು.